ಆಕಳು ಹಿಂಡಿ ಬಿಡುತ್ತಿದೆಯೇ? ದೋಷ ಜಿಡ್ಡಿನದ್ದೋ, ಬೇರೆಯದ್ದೋ ಪತ್ತೆ ಮಾಡುವ ಬಗೆ

"ಸರ, ಬೈಪಾಸ್ ಫ್ಯಾಟ್ ಹಾಕಾಕ ಸುರು ಮಾಡಿದ ಮ್ಯಾಲೆ ಆಕಳಾ ಸರಿಯಾಗಿ ತಿನ್ನವಲ್ದು." ಮುಧೋಳ, ಜಮಖಂಡಿ, ಅಥಣಿ ಕಡೆಯ ಹೈನುಗಾರರು ಹೀಗೆ ಹೇಳುವುದು ಹೊಸದೇನಲ್ಲ. ಬೈಪಾಸ್ ಫ್ಯಾಟ್ ಅಂದರೆ ಆಕಳ ದೊಡ್ಡ ಹೊಟ್ಟೆಯಲ್ಲಿ (ರೂಮೆನ್) ಕರಗದೆ ಸಣ್ಣ ಕರುಳಿಗೆ ದಾಟುವ ಹಾಗೆ ತಯಾರಿಸಿದ ಜಿಡ್ಡು. ಹೇಳಿದ ಮರುದಿನವೇ ಅರ್ಧ ಜನ ಅದರ ಚೀಲ ಮೂಲೆಗೆ ತಳ್ಳುತ್ತಾರೆ. ಇನ್ನರ್ಧ ಜನ "ದುಡ್ಡು ಕೊಟ್ಟು ತಂದಿದ್ದೀನಿ" ಅಂತ ಬೆಲ್ಲ ಬೆರೆಸಿ ಒತ್ತಾಯದಿಂದ ತಿನ್ನಿಸುತ್ತಾರೆ. ಎರಡೂ ಕುರುಡು ಪ್ರಯತ್ನಗಳೇ.

"ತಿನ್ನುತ್ತಿಲ್ಲ" ಅನ್ನುವುದು ದೂರು, ಕಾರಣ ಅಲ್ಲ. ಜಿಡ್ಡು ಆಕಳ ತಿನ್ನುವ ರೀತಿಯನ್ನು ಮೂರು ಬೇರೆ ಬೇರೆ ಜಾಗಗಳಲ್ಲಿ ಕೆಡಿಸಬಹುದು: ಮೂಗಿನ ಹತ್ತಿರ, ದೊಡ್ಡ ಹೊಟ್ಟೆಯಲ್ಲಿ, ಸಣ್ಣ ಕರುಳಿನಲ್ಲಿ. ಮೂರಕ್ಕೂ ಲಕ್ಷಣ ಬೇರೆ, ಪರಿಹಾರವೂ ಬೇರೆ. ಎಷ್ಟು ತಿಂದಿತು ಅನ್ನುವುದಕ್ಕಿಂತ ಹೇಗೆ ತಿಂದಿತು ಅಂತ ನೋಡಿದರೆ ದೋಷ ಎಲ್ಲಿದೆ ಅಂತ ಬಹುತೇಕ ಗೊತ್ತಾಗಿಬಿಡುತ್ತದೆ.

ಮೊದಲು ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಥರ್ಮಾಮೀಟರ್ ಇಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 103 ದಾಟಿದರೆ, ಅದೂ ಬೆಳಗಿನ ತಂಪು ಹೊತ್ತಿನಲ್ಲಿ ದಾಟಿದರೆ, ಈ ಬರಹ ಬದಿಗಿಟ್ಟು ಡಾಕ್ಟರನ್ನು ಕರೆಯಿರಿ. ಬೆನ್ನು ಬಾಗಿಸಿ ನಿಲ್ಲುವುದು, ಹಲ್ಲು ಕಡಿಯುವುದು, ಕೆಚ್ಚಲು ಬಿಸಿಯಾಗಿರುವುದು, ಎಡಗಡೆ ಹೊಟ್ಟೆ ಉಬ್ಬಿರುವುದು ಕಂಡರೂ ಅಷ್ಟೇ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ.

ಒಂದು ಕಾಯಿಲೆ ಮಾತ್ರ ಜಿಡ್ಡಿನ ದೋಷದ ಹಾಗೇ ವೇಷ ಹಾಕುತ್ತದೆ. ಅದು ಕೀಟೋಸಿಸ್, ಅಂದರೆ ಮೈಯ ಕೊಬ್ಬು ಅತಿಯಾಗಿ ಕರಗಿ ರಕ್ತದಲ್ಲಿ ಕೀಟೋನ್ ಹೆಚ್ಚಾಗುವ ಕಾಯಿಲೆ. ಕರು ಹಾಕಿದ ಮೊದಲ ಆರು ವಾರಗಳಲ್ಲಿ ಜಾಸ್ತಿ ಹಾಲು ಕೊಡುವ ಆಕಳಿಗೆ ಬರುತ್ತದೆ. ಆಕಳು ಮೊದಲು ಬಿಡುವುದು ಹಿಂಡಿಯನ್ನು. ಕಣಿಕೆಯನ್ನು (ಜೋಳದ ಒಣ ದಂಟಿನ ಮೇವು) ಇನ್ನೂ ತಿನ್ನುತ್ತಿರುತ್ತದೆ. ನೀವು ಅದೇ ವಾರ ಬೈಪಾಸ್ ಫ್ಯಾಟ್ ಶುರು ಮಾಡಿದ್ದರೆ ಅನುಮಾನ ನೇರವಾಗಿ ಅದರ ಮೇಲೇ ಹೋಗುತ್ತದೆ, ಅಲ್ವಾ? ಬೇರ್ಪಡಿಸುವುದು ಸುಲಭ. ಜಿಡ್ಡು ಬೆರೆಸದ ಬರೀ ಹಿಂಡಿ ಮುಂದಿಡಿ. ಅದನ್ನೂ ಬಿಟ್ಟರೆ, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಇದ್ದರೆ, ಹಾಲು ದಿಢೀರ್ ಇಳಿದಿದ್ದರೆ ಕೀಟೋನ್ ಪಟ್ಟಿಯಿಂದ ಮೂತ್ರ ಪರೀಕ್ಷೆ ಮಾಡಿಸಿ.

ಇನ್ನೊಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಹೊಟ್ಟೆ ಉಬ್ಬರಕ್ಕೆ ಅಂತ ಮೊನ್ನೆ ಶೇಂಗಾ ಎಣ್ಣೆ ಕುಡಿಸಿದ್ದಿರಾ? ಕುಡಿಸಿದ್ದರೆ ಒಂದೆರಡು ದಿನ ಮೇವು ಕಡಿಮೆಯಾಗುವುದು ಸಹಜ. ತಾನಾಗೇ ಸರಿಹೋಗುತ್ತದೆ.

ಗೋದಲಿ ಮುಂದೆ ಅರ್ಧ ತಾಸು

ಬೆಳಗಿನ ಹಾಲು ಕರೆದ ಮೇಲೆ ಹಿಂಡಿ ಹಾಕಿ ಅಲ್ಲೇ ಕೂತುಕೊಳ್ಳಿ. ಮೊಬೈಲ್ ನೋಡಬೇಡಿ, ಆಕಳನ್ನು ನೋಡಿ.

ಮೂಸಿ ಮುಖ ಎತ್ತಿತು. ಮತ್ತೆ ಮೂಸಿತು. ಮೂತಿಯಿಂದ ಹಿಂಡಿಯನ್ನು ಆ ಕಡೆ ಈ ಕಡೆ ತಳ್ಳಿ, ಕೆಳಗಿನ ತೌಡನ್ನೋ ಕಾಳಿನ ಚೂರನ್ನೋ ನಾಲಿಗೆಯಿಂದ ಹುಡುಕಿ ತಿಂದಿತು. ಗೋದಲಿಯ ಮೂಲೆಯಲ್ಲಿ ಬಿಳಿ ಹರಳು ಅಥವಾ ಮಾಸಲು ಪುಡಿ ಹಾಗೇ ಉಳಿಯಿತು. ಇದು ಮೂಗಿನ ದೋಷ.

ತಿನ್ನಲು ಶುರುವೇನೋ ಮಾಡಿತು, ಆದರೆ ಉಮೇದಿಲ್ಲ. ಕಣಿಕೆಯನ್ನೂ ಅರ್ಧಕ್ಕೆ ಬಿಟ್ಟಿತು. ಮಲಗಿದಾಗ ಮೆಲುಕು ಹಾಕುತ್ತಿಲ್ಲ, ಹಾಕಿದರೂ ಬೇಗ ನುಂಗುತ್ತಿದೆ. ಇದು ದೊಡ್ಡ ಹೊಟ್ಟೆಯ ದೋಷ.

ಹಿಂಡಿ ಹಾಕಿದ ತಕ್ಷಣ ಗಬಗಬ ತಿಂದಿತು. ಹತ್ತು ನಿಮಿಷಕ್ಕೇ ಸಾಕು ಅನ್ನುವ ಹಾಗೆ ಹಿಂದೆ ಸರಿಯಿತು. ಮೆಲುಕು ಚೆನ್ನಾಗಿದೆ, ಸಗಣಿ ಚೆನ್ನಾಗಿದೆ, ಕಣ್ಣಲ್ಲಿ ಕಳೆ ಇದೆ. ಇದು ಕರುಳಿನಿಂದ ಬಂದ ತೃಪ್ತಿ. ಇದನ್ನು ದೋಷ ಅನ್ನಬೇಕೋ ಬೇಡವೋ ಅನ್ನುವುದನ್ನು ಮುಂದೆ ನೋಡೋಣ.

ಮೂಸಿ ಬಿಟ್ಟರೆ

ಎರಡು ಬುಟ್ಟಿ ತೆಗೆದುಕೊಳ್ಳಿ. ಒಂದೇ ಹಿಂಡಿ, ಒಂದೇ ಅಳತೆ. ಒಂದರಲ್ಲಿ ಮಾತ್ರ ಬೈಪಾಸ್ ಫ್ಯಾಟ್ ಬೆರೆಸಿ. ಎರಡನ್ನೂ ಒಟ್ಟಿಗೆ ಮುಂದಿಡಿ. ಸಂಜೆ ಬುಟ್ಟಿಗಳ ಜಾಗ ಅದಲುಬದಲು ಮಾಡಿ, ಏಕೆಂದರೆ ಕೆಲವು ಆಕಳುಗಳು ರೂಢಿ ಬಲದಿಂದ ಎಡಗಡೆಯದನ್ನೇ ತಿನ್ನುತ್ತವೆ. ಎರಡು ಹೊತ್ತೂ ಜಿಡ್ಡಿನ ಬುಟ್ಟಿಯನ್ನೇ ಬಿಟ್ಟರೆ ಮುಗಿಯಿತು, ವಾಸನೆಯೇ ಕಾರಣ.

ನಮ್ಮಲ್ಲಿ ಸಿಗುವ ಬೈಪಾಸ್ ಫ್ಯಾಟ್‌ನಲ್ಲಿ ಎರಡು ಜಾತಿ. ಒಂದು ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಸುಣ್ಣದಂಶದ ಜೊತೆ ಕೂಡಿಸಿ ಮಾಡಿದ ಕ್ಯಾಲ್ಸಿಯಂ ಸಾಬೂನು. ಹೌದು, ರಸಾಯನದ ಲೆಕ್ಕದಲ್ಲಿ ಅದು ಸಾಬೂನೇ, ವಾಸನೆಯೂ ಸ್ವಲ್ಪ ಹಾಗೇ. ಇನ್ನೊಂದು ಗಟ್ಟಿ ಕೊಬ್ಬಿನ ಬಿಳಿ ಹರಳು, ಇದಕ್ಕೆ ಅಷ್ಟು ವಾಸನೆ ಇಲ್ಲ. ಮೂಸಿ ಬಿಡುವ ದೂರು ಬಹಳ ಬರುವುದು ಮೊದಲನೆಯದಕ್ಕೆ. ಮೊದಲ ದಿನವೇ 150 ಗ್ರಾಂ ಸುರಿದರೆ ಆಕಳು ಹಿಂದೆ ಸರಿಯದೆ ಇನ್ನೇನು ಮಾಡೀತು? 30 ಗ್ರಾಂನಿಂದ ಶುರು ಮಾಡಿ, ಹತ್ತು–ಹನ್ನೆರಡು ದಿನದಲ್ಲಿ ಏರಿಸಿದರೆ ಹೆಚ್ಚಿನವು ಒಗ್ಗಿಕೊಳ್ಳುತ್ತವೆ. ಮೊದಲ ವಾರ ಸ್ವಲ್ಪ ಬೆಲ್ಲದ ನೀರು ಅಥವಾ ಕಾಕಂಬಿ ಚಿಮುಕಿಸಿದರೆ ವಾಸನೆ ಮುಚ್ಚುತ್ತದೆ.

ಮೇಲೆ ಉದುರಿಸಬೇಡಿ, ಕೈಯಿಂದ ಚೆನ್ನಾಗಿ ಕಲಸಿ. ಮುಸುರೆ ನೀರಿಗಂತೂ ಹಾಕಲೇಬೇಡಿ. ಜಿಡ್ಡು ಮೇಲೆ ತೇಲುತ್ತದೆ ಇಲ್ಲವೇ ಬಕೆಟ್ಟಿನ ಗೋಡೆಗೆ ಅಂಟುತ್ತದೆ. ಆಕಳು ನೀರು ಕುಡಿದು ಜಿಡ್ಡು ಅಲ್ಲೇ ಬಿಡುತ್ತದೆ.

ಚೀಲದ ಜಿಡ್ಡಿನದ್ದಲ್ಲ, ಹಿಂಡಿಯದ್ದೇ ವಾಸನೆ ಇರಬಹುದು. ತಗಡಿನ ಶೆಡ್ಡಿನಲ್ಲಿ ಏಪ್ರಿಲ್–ಮೇ ಕಳೆದ ಗಾಣದ ಹಿಂಡಿ, ಎಣ್ಣೆ ತೆಗೆಯದ ಅಕ್ಕಿ ತೌಡು ಬಹಳ ಬೇಗ ಕಮಟು ಹಿಡಿಯುತ್ತವೆ. ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ಮೂಸಿ. ಹಳೇ ಎಣ್ಣೆ ಡಬ್ಬದ ವಾಸನೆ ಬಂದರೆ ಆಕಳದ್ದು ತಪ್ಪಿಲ್ಲ. ಕುಸುಬೆ ಹಿಂಡಿಗೆ ಹೊಸದಿದ್ದಾಗಲೂ ತನ್ನದೇ ಒಂದು ಕಹಿ ಇರುತ್ತದೆ. ವಿಜಯಪುರ ಕಡೆ ಗಾಣದವರಿಂದ ತಂದು ಏಕಾಏಕಿ ಕಿಲೋಗಟ್ಟಲೆ ಹಾಕುವವರು ಇದನ್ನು ನೆನಪಿಡಿ. ಶೇಂಗಾ ಹಿಂಡಿಗೆ ಬೂಷ್ಟು ಬಂದಿದ್ದರೆ ಬಿಸಿಲಿಗೆ ಹಾಕಿ ಒಣಗಿಸಿ ತಿನ್ನಿಸುವ ಲೆಕ್ಕಾಚಾರ ಬೇಡ. ಬೂಷ್ಟಿನ ವಿಷ ಬಿಸಿಲಿಗೆ ಪೂರ್ತಿ ಹೋಗುವುದಿಲ್ಲ. ಹಾಲಿಗೂ ಇಳಿಯುತ್ತದೆ.

ಮೆಲುಕು ಕಡಿಮೆಯಾದರೆ

ನಿಜವಾದ ನಷ್ಟ ಇಲ್ಲಿರುತ್ತದೆ. ಮತ್ತು ಈ ದೋಷಕ್ಕೆ ಬೈಪಾಸ್ ಫ್ಯಾಟ್ ಒಂದೇ ಕಾರಣ ಆಗಿರುವುದು ಕಡಿಮೆ. ಜೊತೆಗೆ ಹಾಕಿದ ಎಣ್ಣೆ, ಕಾಳು, ಹಿಂಡಿಗಳು ಕಾರಣವಾಗಿರುತ್ತವೆ.

ದೊಡ್ಡ ಹೊಟ್ಟೆಯಲ್ಲಿ ಕಣಿಕೆಯ ನಾರನ್ನು ಒಡೆಯುವುದು ಅಲ್ಲಿನ ಸೂಕ್ಷ್ಮಜೀವಿಗಳು. ಕುಸುಬೆ, ಸೂರ್ಯಕಾಂತಿ, ಮೆಕ್ಕೆಜೋಳ, ಹತ್ತಿಕಾಳುಗಳ ದ್ರವ ಎಣ್ಣೆ ಈ ಜೀವಿಗಳಿಗೆ ವಿಷದ ಹಾಗೆ. ಸಾಲದ್ದಕ್ಕೆ ನಾರಿನ ಮೇಲೆ ಲೇಪ ಕೂತು ಜೀವಿಗಳಿಗೆ ಹಿಡಿತವೇ ಸಿಗುವುದಿಲ್ಲ. ನಾರು ಕರಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಹೊಟ್ಟೆ ಖಾಲಿಯಾಗದಿದ್ದರೆ ಆಕಳು ಹೊಸದಾಗಿ ತಿನ್ನುವುದಾದರೂ ಎಲ್ಲಿಗೆ?

ಇದನ್ನು ಹಿಡಿಯಲು ಮೂರು ಪರೀಕ್ಷೆ ಸಾಕು. ಮಧ್ಯಾಹ್ನ ಆಕಳುಗಳು ಆರಾಮಾಗಿ ಮಲಗಿದ ಹೊತ್ತಿನಲ್ಲಿ ಶೆಡ್ಡಿಗೆ ಹೋಗಿ. ಮಲಗಿದವುಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ಒಂದು ಉಂಡೆ ಬಾಯಿಗೆ ಬಂದಾಗಿನಿಂದ ನುಂಗುವವರೆಗೆ ಅಗಿತ ಎಣಿಸಿ. 50–60 ಬಂದರೆ ಒಳ್ಳೆಯದು. 40ರ ಆಚೀಚೆ ನಿಂತರೆ ನಾರಿನ ಹಾಸು ತೆಳುವಾಗಿದೆ ಅಂತ ಅರ್ಥ.

ಎರಡನೆಯದು ಸಗಣಿ. ಒಂದು ಬೊಗಸೆ ಸಗಣಿಯನ್ನು ಹಿಟ್ಟಿನ ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ತೊಳೆಯಿರಿ. (ಮನೆಯವರು ಅಡುಗೆಗೆ ಬಳಸುವ ಜರಡಿ ಬೇಡ, ಬೇರೆ ಕೊಳ್ಳಿ.) ಉಳಿದದ್ದನ್ನು ಬೆರಳಿನಿಂದ ಹರಡಿ. ಅರ್ಧ ಇಂಚಿಗಿಂತ ಉದ್ದದ ನಾರು ಬಹಳ ಇದ್ದರೆ, ಕಾಳು ಹಾಗೇ ಬಂದಿದ್ದರೆ, ಒಳಗೆ ಅರಗುತ್ತಿಲ್ಲ.

ಮೂರನೆಯದು ಡೇರಿಯ ಚೀಟಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಜನ ಹರಿದು ಬಿಸಾಡುತ್ತಾರೆ. ಹಾಲಿನ ಫ್ಯಾಟ್ 4ರ ಹತ್ತಿರ ಇದ್ದದ್ದು ವಾರ–ಹತ್ತು ದಿನದಲ್ಲಿ 3.3ಕ್ಕೋ 3.2ಕ್ಕೋ ಇಳಿದಿದ್ದರೆ ಅನುಮಾನವೇ ಬೇಡ. ಎಣ್ಣೆ ದೊಡ್ಡ ಹೊಟ್ಟೆಯಲ್ಲಿ ಅರೆಬರೆ ಬದಲಾದಾಗ ಹುಟ್ಟುವ ಒಂದು ಬಗೆಯ ಕೊಬ್ಬಿನಾಮ್ಲ ರಕ್ತದ ಮೂಲಕ ಕೆಚ್ಚಲಿಗೆ ಹೋಗಿ ಬೆಣ್ಣೆ ತಯಾರಾಗುವುದನ್ನೇ ತಡೆಯುತ್ತದೆ. ಅದು ದಿನಕ್ಕೆ ಕೆಲವೇ ಗ್ರಾಂ ಸಾಕು. ಜಿಡ್ಡು ಜಾಸ್ತಿ ತಿನ್ನಿಸಿದರೆ ಹಾಲಿನ ಫ್ಯಾಟ್ ಏರುತ್ತದೆ ಅಂತ ನಂಬಿ ಅಡುಗೆ ಎಣ್ಣೆ ಸುರಿಯುವವರಿಗೆ ಆಗುವುದು ಉಲ್ಟಾ. ತಾಳೆಯ ಬೈಪಾಸ್ ಫ್ಯಾಟ್ ಸರಿಯಾಗಿ ಕೆಲಸ ಮಾಡಿದರೆ ಫ್ಯಾಟ್ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ ಅಥವಾ ಇದ್ದಲ್ಲೇ ಇರುತ್ತದೆ. ಹಾಗಾಗಿ ಚೀಟಿಯಲ್ಲಿ ಇಳಿತ ಕಂಡರೆ ಎಣ್ಣೆ ಬೇರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಹುಡುಕುವುದು ಹೇಗೆ? ಲೆಕ್ಕ ಹಾಕಿ. 15 ಲೀಟರ್ ಕೊಡುವ, 420 ಕಿಲೋ ಆಸುಪಾಸಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳನ್ನು ಹಿಡಿಯೋಣ. ಹೈಬ್ರಿಡ್ ನೇಪಿಯರ್ 20 ಕಿಲೋ. ಅದರಲ್ಲಿ ನೀರೇ ಜಾಸ್ತಿ, ಒಣ ತೂಕ 4 ಕಿಲೋ, ಜಿಡ್ಡು ಸುಮಾರು 100 ಗ್ರಾಂ. ಜೋಳದ ಕಣಿಕೆ 4 ಕಿಲೋದಲ್ಲಿ 55 ಗ್ರಾಂ. ಶೇಕಡಾ 3 ಜಿಡ್ಡಿನ ಪಶು ಆಹಾರ 4 ಕಿಲೋದಲ್ಲಿ 120 ಗ್ರಾಂ. ಹತ್ತಿಕಾಳು ಹಿಂಡಿ ಒಂದೂವರೆ ಕಿಲೋದಲ್ಲಿ 105 ಗ್ರಾಂ. ಎಲ್ಲ ಸೇರಿ ಒಣ ತೂಕ ಹನ್ನೆರಡೂವರೆ ಕಿಲೋ, ಜಿಡ್ಡು 380 ಗ್ರಾಂ. ಅಂದರೆ ಶೇಕಡಾ 3. ಇದಕ್ಕೆ ಬೈಪಾಸ್ ಫ್ಯಾಟ್ 150 ಗ್ರಾಂ (ಅದರಲ್ಲಿ ಜಿಡ್ಡು ಸುಮಾರು 125 ಗ್ರಾಂ) ಸೇರಿಸಿದರೂ ಶೇಕಡಾ 4. ಏನೂ ತೊಂದರೆ ಇಲ್ಲ.

ಈಗ ಪಕ್ಕದ ತೋಟದವರು ಹೇಳಿದರು ಅಂತ ನೆನೆಸಿದ ಹತ್ತಿಕಾಳು 1 ಕಿಲೋ ಸೇರುತ್ತದೆ. ಅದರಲ್ಲೇ 180 ಗ್ರಾಂ ಜಿಡ್ಡು. ಶೇಕಡಾ 5 ಆಯಿತು. ಇಲ್ಲಿಗೂ ಸರಿ. ಆಮೇಲೆ ಅಗ್ಗಕ್ಕೆ ಸಿಕ್ಕಿತು ಅಂತ ಮೆಕ್ಕೆಜೋಳದ ಹಿಂಡಿ 1 ಕಿಲೋ, 100 ಗ್ರಾಂ ಜಿಡ್ಡು. ಮನೆಯ ಹಿರಿಯರು ಶಕ್ತಿಗೆ ಅಂತ ದಿನಾ 150 ಮಿಲಿ ಎಣ್ಣೆ ಹಾಕುತ್ತಾರೆ, ಅದು 140 ಗ್ರಾಂ. ಒಟ್ಟು 925 ಗ್ರಾಂ, ಶೇಕಡಾ 6ರ ಗೆರೆ ದಾಟಿತು.

ಇಲ್ಲಿಂದ ಮುಂದೆ ಲೆಕ್ಕ ತನ್ನಷ್ಟಕ್ಕೆ ಕೆಡುತ್ತದೆ. ಆಕಳು ಬಿಡುವುದು ಕಣಿಕೆಯನ್ನು, ಅದರಲ್ಲಿ ಜಿಡ್ಡು ಹೆಚ್ಚುಕಡಿಮೆ ಇಲ್ಲ. ಒಂದೂವರೆ ಕಿಲೋ ಕಣಿಕೆ ಬಿಟ್ಟಿತು ಅನ್ನಿ. ತಿಂದದ್ದರಲ್ಲಿ ಜಿಡ್ಡಿನ ಪಾಲು ಶೇಕಡಾ 7ರ ಹತ್ತಿರ ಬಂತು. ನಾರು ಇನ್ನೂ ಕಡಿಮೆ, ಮೆಲುಕು ಇನ್ನೂ ಕಡಿಮೆ. ನಾಳೆ ಇನ್ನಷ್ಟು ಕಣಿಕೆ ಬಿಡುತ್ತದೆ. ಆದ್ದರಿಂದ ಹಾಕಿದ್ದನ್ನು ಲೆಕ್ಕ ಹಾಕಬೇಡಿ, ಉಳಿದದ್ದನ್ನು ತೂಗಿ ಕಳೆದು, ತಿಂದದ್ದನ್ನು ಲೆಕ್ಕ ಹಾಕಿ. ಕೈಯಲ್ಲಿ ಹಿಡಿಯುವ ಡಿಜಿಟಲ್ ತೂಕದ ಕೊಕ್ಕೆ ಸಾಕು.

ಒಟ್ಟು ಜಿಡ್ಡು ಒಣ ತೂಕದ ಶೇಕಡಾ 6ರೊಳಗೆ ಇರಲಿ. 7 ದಾಟಿದರೆ ಎಂಥ ಬೈಪಾಸ್ ಆದರೂ ಆಗಿಬರುವುದಿಲ್ಲ. ಗಾಣದ ಹಿಂಡಿಯ ವಿಷಯದಲ್ಲಿ ಎಚ್ಚರ ಇರಲಿ. ಕಾರ್ಖಾನೆಯಲ್ಲಿ ದ್ರಾವಕ ಹಾಕಿ ತೆಗೆದ ಹಿಂಡಿಯಲ್ಲಿ ಶೇಕಡಾ 1ರಷ್ಟು ಎಣ್ಣೆ ಉಳಿದರೆ, ಗಾಣದ್ದರಲ್ಲಿ 8, 10 ಅಥವಾ ಇನ್ನೂ ಜಾಸ್ತಿ ಇರಬಹುದು. ಅಕ್ಕಿ ತೌಡೂ ಹಾಗೇ: ಎಣ್ಣೆ ತೆಗೆದದ್ದು ಬೇರೆ, ತೆಗೆಯದ್ದು ಬೇರೆ. ಅಂಗಡಿಯವನನ್ನು ಕೇಳಿಯೇ ತನ್ನಿ.

ಸರಿಪಡಿಸುವ ಕ್ರಮ: ಸುರಿಯುವ ಎಣ್ಣೆ ಇವತ್ತೇ ಬಂದ್. ಮೆಕ್ಕೆಜೋಳದ ಹಿಂಡಿ ಬಂದ್. ಹತ್ತಿಕಾಳನ್ನು ಅರ್ಧಕ್ಕೆ ಇಳಿಸಿ, ಇಡಿಯಾಗೇ ಕೊಡಿ, ಜಜ್ಜಬೇಡಿ. ಇಡೀ ಕಾಳಿನ ಎಣ್ಣೆ ನಿಧಾನ ಬಿಡುಗಡೆಯಾಗುತ್ತದೆ, ಜಜ್ಜಿದರೆ ಒಮ್ಮೆಲೇ ಬಿಡುತ್ತದೆ. ಹಿಂಡಿಗೆ ಮೊದಲು ಕಣಿಕೆ ಹಾಕಿ. ಕಣಿಕೆಯನ್ನು ಪುಡಿ ಮಾಡದೆ ಒಂದೆರಡು ಇಂಚು ಉದ್ದಕ್ಕೆ ಕತ್ತರಿಸಿ. ಮೆಲುಕು ನಾಲ್ಕೈದು ದಿನದಲ್ಲಿ ಸುಧಾರಿಸುತ್ತದೆ. ಹಾಲಿನ ಫ್ಯಾಟ್ ಹಿಂದಿನ ಮಟ್ಟಕ್ಕೆ ಬರಲು ಎರಡು–ಮೂರು ವಾರ ಬೇಕು, ಅಲ್ಲಿಯವರೆಗೆ ಗಾಬರಿಯಾಗಿ ಮತ್ತೊಂದನ್ನು ಬದಲಿಸಬೇಡಿ.

ಜೋಳದ ಹಿಟ್ಟು, ನುಚ್ಚಿನ ಅಂಬಲಿ, ಮದುವೆ ಮನೆಯ ಅನ್ನ ಬಹಳ ತಿನ್ನಿಸುವ ಮನೆಗಳಲ್ಲಿ ಇನ್ನೊಂದು ಕೊಂಡಿ ಇದೆ. ಹಿಟ್ಟು ಜಾಸ್ತಿಯಾದರೆ ಹೊಟ್ಟೆ ಹುಳಿಯಾಗುತ್ತದೆ. ಹುಳಿಯಲ್ಲಿ ಕ್ಯಾಲ್ಸಿಯಂ ಸಾಬೂನು ಒಡೆದು ಜಿಡ್ಡು ದೊಡ್ಡ ಹೊಟ್ಟೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಅದು ಬೈಪಾಸ್ ಆಗಿ ಉಳಿಯುವುದಿಲ್ಲ. ಹಿಟ್ಟು ಇಳಿಸದೆ ಬ್ರ್ಯಾಂಡ್ ಬದಲಿಸುತ್ತ ಹೋದರೆ ದುಡ್ಡು ದಂಡ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಗೋದಲಿ ತುಂಬ ಕಬ್ಬಿನ ಸೋಗೆಯೇ ಇರುತ್ತದೆ. ಪುಕ್ಕಟೆ ಸಿಗುವಾಗ ಯಾರು ಬಿಟ್ಟಾರು? ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಬಿಡಿ ಎಣ್ಣೆಯೂ ಸುಣ್ಣ, ಮೆಗ್ನೀಸಿಯಂಗಳನ್ನು ಕಟ್ಟಿಹಾಕುತ್ತದೆ. ಎರಡೂ ಸೇರಿದರೆ ಸುಣ್ಣದ ಕೊರತೆಯಾಗಿ ಹೊಟ್ಟೆಯ ಚಲನೆಯೇ ಮಂದವಾಗುತ್ತದೆ. ಖನಿಜ ಮಿಶ್ರಣ ದಿನಕ್ಕೆ 50–60 ಗ್ರಾಂ ತಪ್ಪಿಸಬೇಡಿ. ಸೋಗೆಯ ಜೊತೆ ಬೇರೆ ಮೇವೂ ಇರಲಿ.

ಬೇಗ ತೃಪ್ತಿಯಾಗಿ ನಿಲ್ಲಿಸಿದರೆ

ದೊಡ್ಡ ಹೊಟ್ಟೆ ದಾಟಿದ ಜಿಡ್ಡು ಸಣ್ಣ ಕರುಳಿಗೆ ಬಂದಾಗ ಕರುಳಿನ ಗೋಡೆಯಿಂದ ಕೊಲಿಸಿಸ್ಟೊಕೈನಿನ್, ಜಿಎಲ್‌ಪಿ-1 ಅನ್ನುವ ಹಾರ್ಮೋನುಗಳು ಹೊರಡುತ್ತವೆ. ಇವು ಮಿದುಳಿಗೆ "ಸಾಕು" ಅಂತ ಸುದ್ದಿ ಮುಟ್ಟಿಸುತ್ತವೆ, ಹೊಟ್ಟೆಯ ಚಲನೆಯನ್ನೂ ನಿಧಾನ ಮಾಡುತ್ತವೆ. ಈಗ ಪೇಪರಿನಲ್ಲಿ ಬರುತ್ತಿರುವ, ಮನುಷ್ಯರ ತೂಕ ಇಳಿಸುವ ಇಂಜೆಕ್ಷನ್‌ಗಳು ಅನುಕರಿಸುವುದು ಈ ಜಿಎಲ್‌ಪಿ-1ನ್ನೇ. ಗಟ್ಟಿ ಕೊಬ್ಬಿಗಿಂತ ದ್ರವ ಎಣ್ಣೆಯ ಜಾತಿಯ ಕೊಬ್ಬಿನಾಮ್ಲಗಳಿಗೆ ಈ ಪರಿಣಾಮ ಜಾಸ್ತಿ. ಕ್ಯಾಲ್ಸಿಯಂ ಸಾಬೂನಿನಲ್ಲಿ ಅಂಥವು ಗಣನೀಯವಾಗಿ ಇರುತ್ತವೆ, ಬಿಳಿ ಹರಳಿನಲ್ಲಿ ಕಡಿಮೆ. ಒಂದು ಜಾತಿಯ ಬೈಪಾಸ್‌ಗೆ ಮೇವು ಇಳಿದ ಆಕಳು ಇನ್ನೊಂದಕ್ಕೆ ಇಳಿಸದೆ ಇರುವುದು ಇದರಿಂದಲೇ.

ಹೀಗಾದಾಗ ಒಂದು ಸಲದ ಊಟದ ಗಾತ್ರ ಚಿಕ್ಕದಾಗುತ್ತದೆ. ಯಾವಾಗಲೂ ಮುಂದೆ ಮೇವಿರುವ, ಬಿಚ್ಚಿ ಬಿಟ್ಟ ಶೆಡ್ಡಿನ ಆಕಳು ದಿನಕ್ಕೆ ಹತ್ತು ಸಲದ ಆಸುಪಾಸು ಗೋದಲಿಗೆ ಬರುತ್ತದೆ. ಒಂದು ಊಟ ಚಿಕ್ಕದಾದರೆ ಇನ್ನೊಂದು ಸಲ ಬಂದು ಸ್ವಲ್ಪ ಸರಿದೂಗಿಸಿಕೊಳ್ಳಲು ಅದಕ್ಕೆ ಅವಕಾಶವಾದರೂ ಇದೆ. ಆದರೆ ನಮ್ಮಲ್ಲಿ ಏನು ಮಾಡುತ್ತೇವೆ? ಹಗ್ಗ ಹಾಕಿ ಕಟ್ಟಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕಿ, ತಾಸು ಬಿಟ್ಟು "ತಿನ್ನಲಿಲ್ಲ" ಅಂತ ಗೋದಲಿ ಬಳಿದು ಎಮ್ಮೆಗೆ ಹಾಕುತ್ತೇವೆ. ಆಕಳಿಗೆ ಮತ್ತೆ ಹಸಿವಾಗುವ ಹೊತ್ತಿಗೆ ಗೋದಲಿ ಖಾಲಿ. ಇದು ಜಿಡ್ಡಿನ ತಪ್ಪಲ್ಲ, ನಾವು ಇಟ್ಟ ವೇಳೆಯ ತಪ್ಪು.

ಪರಿಹಾರವೂ ಅಲ್ಲೇ ಇದೆ. ಅದೇ ಹಿಂಡಿಯನ್ನು ಮೂರು–ನಾಲ್ಕು ಪಾಲು ಮಾಡಿ. ರಾತ್ರಿ ಮಲಗುವ ಮುಂಚೆ ಗೋದಲಿಯಲ್ಲಿ ಕಣಿಕೆ ಇರಲಿ. ವಾರದ ಕೊನೆಗೆ ಉಳಿಕೆ ತೂಗಿ.

ಇಷ್ಟಾದ ಮೇಲೂ ಅರ್ಧ ಕಿಲೋ ಕಡಿಮೆ ತಿನ್ನುತ್ತಿದ್ದರೆ ಹಾಲು, ಮೈ ಎರಡನ್ನೂ ನೋಡಿ. ಜಿಡ್ಡಿನಲ್ಲಿ ಹಿಟ್ಟಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಇದೆ, ಹಾಗಾಗಿ ಸ್ವಲ್ಪ ಕಡಿಮೆ ತಿಂದರೂ ಆಕಳಿಗೆ ಸಿಗುವ ಒಟ್ಟು ಶಕ್ತಿ ಅಷ್ಟೇ ಇರಬಹುದು. ಹಾಲು ನಿಂತಲ್ಲೇ ನಿಂತಿದ್ದರೆ, ಸೊಂಟದ ಎಲುಬು ಎದ್ದು ಕಾಣದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಎಸ್‌ಎನ್‌ಎಫ್ (ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ) ಮೇಲೆ ಮಾತ್ರ ಕಣ್ಣಿರಲಿ. ಜಿಡ್ಡು ತಿನ್ನಿಸಿದಾಗ ಹಾಲಿನ ಪ್ರೋಟೀನು ಶೇಕಡಾ 0.1ರಷ್ಟು ಇಳಿಯುವುದುಂಟು. 8.5ರ ಅಂಚಿನಲ್ಲೇ ಇರುವ ಹಾಲಿಗೆ ಅಷ್ಟು ಇಳಿತವೂ ದರಕ್ಕೆ ಪೆಟ್ಟು.

ಗಬ್ಬವಿದ್ದಾಗ ಕೊಬ್ಬಿದ ಆಕಳಿಗೆ ಕರು ಹಾಕಿದ ಕೂಡಲೇ ಜಿಡ್ಡು ಕೊಡುವುದು ನನಗೆ ಒಪ್ಪಿಗೆ ಇಲ್ಲ. ಅದರ ಮೈಯ ಕೊಬ್ಬೇ ಕರಗಿ ರಕ್ತ ತುಂಬಿರುತ್ತದೆ, ಹಸಿವು ಮೊದಲೇ ಮಂಕಾಗಿರುತ್ತದೆ. ಮೂರು–ನಾಲ್ಕು ವಾರ ಕಾಯಿರಿ. ತೆಳ್ಳಗಿದ್ದು ಹಾಲು ಜಾಸ್ತಿ ಕೊಡುವ ಆಕಳಿಗೆ ಬೇಗ ಶುರು ಮಾಡಬಹುದು.

ಬಿಸಿಲಿನ ಗೊಂದಲ

ಬೈಪಾಸ್ ಫ್ಯಾಟ್ ಅರಗುವಾಗ ಮೈಯಲ್ಲಿ ಹುಟ್ಟುವ ಶಾಖ ಕಡಿಮೆ ಅಂತ ಅದನ್ನು ಬೇಸಿಗೆಯಲ್ಲೇ ಶುರು ಮಾಡುತ್ತಾರೆ. ಮಾತು ನಿಜ. ಆದರೆ ಇಂಡಿ, ಸಿಂದಗಿ ಕಡೆ ಉಷ್ಣಾಂಶ 40 ಡಿಗ್ರಿ ದಾಟಿದಾಗ ಜಿಡ್ಡು ಇರಲಿ ಬಿಡಲಿ ಆಕಳು ಹಗಲು ತಿನ್ನುವುದಿಲ್ಲ. ರಾತ್ರಿ ಎಂಟಕ್ಕೆ ಮತ್ತು ನಸುಕಿನ ನಾಲ್ಕಕ್ಕೆ ಹಾಕಿ ನೋಡಿ. ಆಗ ತಿಂದರೆ ದೋಷ ಬಿಸಿಲಿನದ್ದು. ನೆರಳು, ಮೈಮೇಲೆ ನೀರು, ಕುಡಿಯಲು ದಿನವಿಡೀ ತಣ್ಣೀರು ಕೊಡಿ.

ಮತ್ತೆ ಶುರು ಮಾಡುವಾಗ

ಐದು ದಿನ ಬೈಪಾಸ್ ಫ್ಯಾಟ್ ಪೂರ್ತಿ ನಿಲ್ಲಿಸಿ, ಉಳಿದದ್ದೆಲ್ಲ ಹಾಗೇ ಇರಲಿ. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಆಕಳು ಮೊದಲಿನ ಹಾಗೆ ತಿನ್ನತೊಡಗಿದರೆ ಜಿಡ್ಡಿನ ಪಾತ್ರ ಇತ್ತು ಅಂತಾಯಿತು. ತಿನ್ನದಿದ್ದರೆ ಮತ್ತೆ ಕಾಯಿಲೆಯ ಕಡೆ ತಿರುಗಿ.

ನಂತರ 30 ಗ್ರಾಂನಿಂದ ಶುರು. ಮೂರು ದಿನಕ್ಕೊಮ್ಮೆ 30 ಗ್ರಾಂ ಏರಿಸಿ, ಎರಡು ಹೊತ್ತಿಗೆ ಹಂಚಿ ಕೊಡಿ. ಉಳಿಕೆ ಏರಲು ಶುರುವಾದ ಮಟ್ಟದಿಂದ ಒಂದು ಮೆಟ್ಟಿಲು ಕೆಳಗೆ ಬಂದು ನಿಲ್ಲಿ. ಒಂದಕ್ಕೆ ಅದು 150 ಗ್ರಾಂ ಇರಬಹುದು, ಪಕ್ಕದಲ್ಲೇ ಕಟ್ಟಿದ ಇನ್ನೊಂದಕ್ಕೆ 90. ಚೀಲದ ಮೇಲೆ 200 ಅಂತ ಬರೆದಿದೆ ಅಂತ ಅಲ್ಲಿಗೇ ಮುಟ್ಟಿಸಬೇಕಿಲ್ಲ. ದಿನಕ್ಕೆ ಎಂಟು ಲೀಟರ್ ದಾಟದ ಆಕಳಿಗೆ ನಾನಂತೂ ಇದನ್ನು ಹೇಳುವುದೇ ಇಲ್ಲ. ಆ ದುಡ್ಡಿಗೆ ಒಂದೆರಡು ಗುಂಟೆ ಕುದುರೆ ಮಸಾಲೆ (ಲೂಸರ್ನ್ ಮೇವು) ಹಾಕಿಕೊಳ್ಳಿ.